ಆಟದಂಗಳದ ಅಂಚೆ: ಎರಡೂ ರಗ್ಬಿ ಆಡಿದವನು

ಈ ಸಲದ ಪತ್ರಗಳಲ್ಲಿ ಕ್ರಿಕೆಟ್ ಕಡಿಮೆ, ರಗ್ಬಿ ಹೆಚ್ಚು. ಹಿಂದಿನ ಸಂಚಿಕೆಯಲ್ಲಿ ಕಬಡ್ಡಿಯ ಹಿಡಿತಗಳ ಬಗ್ಗೆ ಬರೆಯುವಾಗ ಜೇಸನ್ ರಾಬಿನ್ಸನ್ ಎಂಬ ಆಟಗಾರನ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಓದುಗರು ಅಷ್ಟಕ್ಕೆ ಬಿಡಲಿಲ್ಲ. ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಶಿಳ್ಳೆ ಊದುತ್ತಲೇ ನಿವೃತ್ತನಾದ ಪಿ.ಟಿ. ಮಾಸ್ತರನಿಗೆ ಇದಕ್ಕಿಂತ ಬೇರೆ ಸಂತೋಷ ಬೇಕಿಲ್ಲ. ಕ್ರಿಕೆಟ್ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆಯವರೆಗೆ ತಾಳಬೇಕು.

ಪ್ರಶ್ನೆ: ಸರ್, ಮೊಬೈಲಿನಲ್ಲಿ ರಗ್ಬಿ ನೋಡುತ್ತೇನೆ. ಒಂದು ಪಂದ್ಯದಲ್ಲಿ ಹದಿಮೂರು ಜನ, ಇನ್ನೊಂದರಲ್ಲಿ ಹದಿನೈದು ಜನ. ಎರಡಕ್ಕೂ ರಗ್ಬಿ ಎಂದೇ ಹೆಸರು. ಯಾವುದು ನಿಜವಾದದ್ದು?
*ಅಕ್ಕಿ ಗಿರಣಿಯ ಗುಮಾಸ್ತರು, ಸಿಂಧನೂರು*

ಎರಡೂ ನಿಜವಾದವೇ. ಹದಿಮೂರು ಜನರದ್ದು ರಗ್ಬಿ ಲೀಗ್, ಹದಿನೈದು ಜನರದ್ದು ರಗ್ಬಿ ಯೂನಿಯನ್. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ ಎನ್ನುವುದೂ, ಎದುರಾಳಿಯ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ 'ಟ್ರೈ' ಎನ್ನುವುದೂ ಎರಡಕ್ಕೂ ಸಮಾನ. ಲೀಗ್‌ನಲ್ಲಿ ಟ್ರೈಗೆ 4 ಅಂಕ, ಯೂನಿಯನ್‌ನಲ್ಲಿ 5.

ನಿಜವಾದ ವ್ಯತ್ಯಾಸ ತಿಳಿಯಬೇಕಾದರೆ ಜನರ ಲೆಕ್ಕ ಬಿಟ್ಟು, ಚೆಂಡು ಹಿಡಿದವನನ್ನು ಕೆಡವಿದ ಮೇಲೆ ಏನಾಗುತ್ತದೆ ಎಂದು ನೋಡಿ. ಲೀಗ್‌ನಲ್ಲಿ ಅಲ್ಲಿಗೆ ಜಗಳ ಮುಗಿಯಿತು. ಕೆಡವಿದವರು ಬಿಟ್ಟು ಏಳುತ್ತಾರೆ, ಬಿದ್ದವನು ಎದ್ದು ನಿಂತು ಚೆಂಡನ್ನು ಕಾಲಿನಿಂದ ತನ್ನ ಹಿಂದಿನವನಿಗೆ ಉರುಳಿಸುತ್ತಾನೆ, ಆಟ ಮತ್ತೆ ಶುರು. ಹೀಗೆ ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಾಳಿಯ ಪಾಲು. ಆದ್ದರಿಂದ ಐದನೆಯ ಸಲ ಬಿದ್ದೆದ್ದ ಮೇಲೆ ಹೆಚ್ಚಿನ ತಂಡಗಳು ಚೆಂಡನ್ನು ಒದ್ದು ದೂರ ಕಳಿಸುತ್ತವೆ. ಯೂನಿಯನ್‌ನಲ್ಲಿ ಜಗಳ ಶುರುವಾಗುವುದೇ ಆಗ. ಬಿದ್ದವನು ಚೆಂಡನ್ನು ಬಿಡಲೇಬೇಕು, ಅದರ ಮೇಲೆ ಎರಡೂ ಕಡೆಯವರು ಭುಜ ಕೊಟ್ಟು ತಳ್ಳಾಡುತ್ತಾರೆ, ಗೆದ್ದವರಿಗೆ ಚೆಂಡು. ಇದಕ್ಕೆ 'ರಕ್' ಎನ್ನುತ್ತಾರೆ. ಈ ಒಂದನ್ನು ಗಮನಿಸಿದರೆ ಸಾಕು, ಯಾವ ಪಂದ್ಯ ಎಂಬುದು ಅರೆನಿಮಿಷದಲ್ಲಿ ತಿಳಿಯುತ್ತದೆ.

ಪ್ರಶ್ನೆ: ಒಂದೇ ಆಟ ಎರಡಾದದ್ದು ಏಕೆ? ನಾನು ಜೀನ್ಸ್ ಹೊಲಿಗೆ ಘಟಕದಲ್ಲಿ ಪೀಸ್ ಲೆಕ್ಕದ ಮೇಲೆ ಕೆಲಸ ಮಾಡುತ್ತೇನೆ, ಕಬಡ್ಡಿ ಆಡುತ್ತೇನೆ. ಟೂರ್ನಿಗೆ ಹೋದ ದಿನ ಕೂಲಿ ಇಲ್ಲ. ನಮ್ಮ ಕಬಡ್ಡಿಯೂ ಒಂದು ದಿನ ಹೀಗೆ ಒಡೆಯುತ್ತದೆಯೇ?
*ಹೆಸರು ಬೇಡ, ಬಳ್ಳಾರಿ*

ತಮ್ಮಾ, ರಗ್ಬಿ ಒಡೆದದ್ದು ನೀನು ಹೇಳಿದ ಆ ಕೂಲಿಯ ಕಾರಣಕ್ಕೇ.

ಇಂಗ್ಲೆಂಡಿನ ಉತ್ತರ ಭಾಗ, ಅಂದರೆ ಯಾರ್ಕ್‌ಶೈರ್ ಮತ್ತು ಲ್ಯಾಂಕಶೈರ್, ಬಟ್ಟೆ ಗಿರಣಿಗಳ ಮತ್ತು ಕಲ್ಲಿದ್ದಲು ಗಣಿಗಳ ನಾಡು. ಅಲ್ಲಿ ರಗ್ಬಿ ಆಡುತ್ತಿದ್ದವರು ಶನಿವಾರವೂ ದುಡಿಯುವ ಕಾರ್ಮಿಕರು. ದಕ್ಷಿಣದಲ್ಲಿ ಆಡುತ್ತಿದ್ದವರು ದೊಡ್ಡ ಶಾಲೆಗಳಲ್ಲಿ ಓದಿದ ಅನುಕೂಲಸ್ಥರು. ಪಂದ್ಯಕ್ಕೆ ಹೋಗಿ ಕೂಲಿ ಕಳೆದುಕೊಂಡ ಆಟಗಾರನಿಗೆ ಆ ನಷ್ಟವನ್ನಾದರೂ ಕಟ್ಟಿಕೊಡಲು ಬಿಡಿ ಎಂದು ಉತ್ತರದ ಕ್ಲಬ್ಬುಗಳು ಕೇಳಿದವು. 1893ರಲ್ಲಿ ಇಂಗ್ಲೆಂಡಿನ ರಗ್ಬಿ ಒಕ್ಕೂಟದ ಸಭೆಯಲ್ಲಿ ಇದು ಮತಕ್ಕೆ ಬಂತು. ಪರವಾಗಿ 136, ವಿರುದ್ಧವಾಗಿ 282. ಹಣ ಮುಟ್ಟಿದರೆ ಆಟ ಮೈಲಿಗೆಯಾಗುತ್ತದೆ ಎನ್ನುವುದು ಗೆದ್ದವರ ವಾದ. ಹೊಟ್ಟೆ ತುಂಬಿದವರಿಗೆ ಶುದ್ಧಿಯ ಚಿಂತೆ ಹೆಚ್ಚು.

1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸೇರಿ ಬೇರೆ ಒಕ್ಕೂಟ ಕಟ್ಟಿಕೊಂಡವು. ಕಳೆದುಕೊಂಡ ದಿನಕ್ಕೆ ಆರು ಶಿಲ್ಲಿಂಗ್ ಎಂದು ಗೊತ್ತು ಮಾಡಿದವು. ಕೂಲಿ ಕೊಡಬೇಕೆಂದರೆ ಟಿಕೆಟ್ ಮಾರಬೇಕು, ಟಿಕೆಟ್ ಮಾರಬೇಕೆಂದರೆ ಆಟ ನೋಡುವಂತಿರಬೇಕು. ಹಾಗಾಗಿ ನಿಯಮಗಳೂ ಒಂದೊಂದಾಗಿ ಬದಲಾದವು. 1906ರಲ್ಲಿ ತಂಡಕ್ಕೆ ಹದಿಮೂರೇ ಜನ ಎಂದಾಯಿತು. ರಗ್ಬಿ ಲೀಗ್ ಎಂಬ ಹೆಸರು ಅಧಿಕೃತವಾದದ್ದು 1922ರಲ್ಲಿ.

ಅತ್ತ ಯೂನಿಯನ್‌ನವರು ನೂರು ವರ್ಷ ಹಟ ಬಿಡಲಿಲ್ಲ. ಲೀಗ್‌ನಲ್ಲಿ ಒಂದು ಪೌಂಡ್ ಮುಟ್ಟಿದವನಿಗೆ ಯೂನಿಯನ್‌ನ ಬಾಗಿಲು ಆಜೀವ ಬಂದ್. ಲೀಗ್‌ಗೆ ಹೋಗುವುದಕ್ಕೆ ದಾರಿ ಇತ್ತು, ಮರಳಿ ಬರುವುದಕ್ಕೆ ಇರಲಿಲ್ಲ. ವೇಲ್ಸ್‌ನ ಜೊನಾಥನ್ ಡೇವಿಸ್ ತನ್ನ ದೇಶದ ಯೂನಿಯನ್ ತಂಡದ ಕಣ್ಮಣಿಯಾಗಿದ್ದವನು. 1989ರಲ್ಲಿ ವಿಡ್ನೆಸ್ ಎಂಬ ಲೀಗ್ ಕ್ಲಬ್ಬಿಗೆ ಹೋದ. ಅವನಿಗೆ ಮರಳಿ ಯೂನಿಯನ್ ಆಡಲು ಸಾಧ್ಯವಾದದ್ದು 1995ರಲ್ಲಿ, ಕಾರ್ಡಿಫ್ ಪರವಾಗಿ. ಅಷ್ಟರಲ್ಲಿ ಅವನ ಒಳ್ಳೆಯ ವರ್ಷಗಳು ಕಳೆದಿದ್ದವು.

ಬಾಗಿಲು ತೆರೆದದ್ದಾದರೂ ಧರ್ಮಬುದ್ಧಿಯಿಂದಲ್ಲ. ಟಿವಿ ಕಂಪನಿಗಳು ಲೀಗ್‌ಗೆ ಹಣ ಸುರಿಯತೊಡಗಿ, ಒಳ್ಳೆಯ ಆಟಗಾರರೆಲ್ಲ ಅತ್ತ ಹೋಗಿಬಿಡುತ್ತಾರೆ ಎಂಬ ಭಯ ಹುಟ್ಟಿದ ಮೇಲೆ, 1995ರ ಆಗಸ್ಟ್ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ರಗ್ಬಿ ಮಂಡಳಿ, ಯೂನಿಯನ್ ಆಟಗಾರರೂ ಸಂಬಳ ಪಡೆಯಬಹುದು ಎಂದು ಘೋಷಿಸಿತು. ಒಡೆದು ಬೇರೆಯಾಗಿ ಬಹುಮಟ್ಟಿಗೆ ಸರಿಯಾಗಿ ನೂರು ವರ್ಷ.

ಕಬಡ್ಡಿ ಒಡೆಯುತ್ತದೆಯೇ ಎಂದು ಕೇಳಿದ್ದೀಯ. ಪ್ರೊ ಕಬಡ್ಡಿಯ ಹರಾಜಿನಲ್ಲಿ ಕೋಟಿ ದಾಟುವವರೂ ಇದ್ದಾರೆ, ಗಣೇಶ ಹಬ್ಬದ ಟೂರ್ನಿಗೆ ಕೂಲಿ ಬಿಟ್ಟು ಬರುವ ನಿನ್ನಂಥವರೂ ಇದ್ದಾರೆ. ಟೂರ್ನಿ ನಡೆಸುವವರು ಕಪ್ಪಿಗೂ ಪೆಂಡಾಲಿಗೂ ಸುರಿಯುವ ಹಣದಲ್ಲಿ ಸ್ವಲ್ಪ ತೆಗೆದು, ಬಂದ ಪ್ರತಿ ಆಟಗಾರನಿಗೆ ಒಂದು ದಿನದ ಕೂಲಿ ಕೊಡಲಿ ಎಂದು ನಾನು ಹೇಳುತ್ತಲೇ ಬಂದಿದ್ದೇನೆ. ಇಲ್ಲಿ ಇನ್ನೊಮ್ಮೆ ಹೇಳಿದ್ದೇನೆ. ಈ ಪುಟವನ್ನು ಕತ್ತರಿಸಿ ನಿಮ್ಮ ಸಮಿತಿಯವರಿಗೆ ತೋರಿಸು.

ಪ್ರಶ್ನೆ: ನೀವು ಹೆಸರಿಸಿದ ಜೇಸನ್ ರಾಬಿನ್ಸನ್ ಯಾರು? ಎರಡೂ ರಗ್ಬಿಯಲ್ಲಿ ಅವನು ಮಾಡಿದ್ದೇನು? ವಿವರವಾಗಿ ತಿಳಿಸಿ.
*ಪದವಿ ವಿದ್ಯಾರ್ಥಿನಿ, ಕೊಪ್ಪಳ*

ವಿವರವಾಗಿ ಎಂದು ಕೇಳಿದ್ದೀರಿ, ಸಂಪಾದಕರು ಜಾಗವನ್ನೂ ಕೊಟ್ಟಿದ್ದಾರೆ.

1974ರ ಜುಲೈ 30ರಂದು ಲೀಡ್ಸ್ ನಗರದಲ್ಲಿ ಹುಟ್ಟಿದವನು. ಅದು ಲೀಗ್‌ನ ನೆಲ. ಎತ್ತರ ಐದು ಅಡಿ ಎಂಟು ಅಂಗುಲದ ಆಸುಪಾಸು, ರಗ್ಬಿಯಲ್ಲಿ ಇದು ಗಿಡ್ಡ ಎಂದೇ ಲೆಕ್ಕ. ಹದಿಹರೆಯದಲ್ಲೇ ಲೀಗ್‌ನ ಬಲಾಢ್ಯ ಕ್ಲಬ್ ವಿಗನ್ ಅವನನ್ನು ಸೇರಿಸಿಕೊಂಡಿತು. 1992ರಿಂದ 2000ದವರೆಗೆ ಅಲ್ಲೇ ಆಡಿದ, ಹೆಚ್ಚಾಗಿ ಮೈದಾನದ ಅಂಚಿನಲ್ಲಿ ಓಡುವ ವಿಂಗರ್ ಆಗಿ. 1995ರ ಚಾಲೆಂಜ್ ಕಪ್ ಫೈನಲ್‌ನಲ್ಲಿ ವಿಗನ್ 30–10ರಿಂದ ಲೀಡ್ಸ್ ತಂಡವನ್ನು ಸೋಲಿಸಿದಾಗ ಎರಡು ಟ್ರೈ ಹೊಡೆದು ಪಂದ್ಯಶ್ರೇಷ್ಠನಾದ. 1998ರ ಸೂಪರ್ ಲೀಗ್ ಫೈನಲ್‌ನಲ್ಲಿ ಮತ್ತೆ ಅದೇ ಎದುರಾಳಿ. 10–4ರಲ್ಲಿ ಗೆದ್ದ ವಿಗನ್‌ನ ಒಂದೇ ಟ್ರೈ ಇವನದು.

ಅವನ ಓಟದ ಬಗ್ಗೆ ಹೇಳಲೇಬೇಕು. ಬರೀ ವೇಗ ಎಂದರೆ ಅರ್ಧ ಹೇಳಿದಂತೆ. ನಮ್ಮಲ್ಲಿ ಒಳ್ಳೆಯ ರೈಡರ್ ಎದುರಾಳಿಯ ಮುಂಗಾಲಿನ ಮೇಲೆ ಭಾರ ಬೀಳುವ ಕ್ಷಣವನ್ನು ಕಾಯುತ್ತಾನಲ್ಲ, ಅದೇ ಕಣ್ಣು ಇವನಿಗೂ ಇತ್ತು. ಓಡುತ್ತ ಬಂದು ಎದುರಿನವನ ಮುಂದೆ ಚಿಕ್ಕಚಿಕ್ಕ ಹೆಜ್ಜೆ ಇಡುತ್ತಾನೆ. ಎದುರಿನವನ ಸೊಂಟ ಒಂದು ಕಡೆಗೆ ತಿರುಗಿತೋ, ಇವನು ಇನ್ನೊಂದು ಕಡೆಯಿಂದ ಹೋಗಿಯಾಯಿತು. ಗಿಡ್ಡ ದೇಹ ಇಲ್ಲಿ ಅನುಕೂಲಕ್ಕೇ ಬಂತು. ಭಾರ ನೆಲಕ್ಕೆ ಹತ್ತಿರವಿದ್ದವನು ಬೇಗ ತಿರುಗಬಲ್ಲ.

ವಿಗನ್‌ನಲ್ಲಿ ಅವನ ಜೊತೆಗಾರನಾಗಿ ವಾಇಂಗಾ ಟುಯಿಗಮಾಲಾ ಎಂಬ ದೈತ್ಯನಿದ್ದ. ಸಮೋವಾದಲ್ಲಿ ಹುಟ್ಟಿ, ನ್ಯೂಜಿಲೆಂಡ್ ಯೂನಿಯನ್ ತಂಡಕ್ಕೆ ಆಡಿ, ಲೀಗ್‌ಗೆ ಬಂದವನು. ಆ ದಿನಗಳಲ್ಲಿ ರಾಬಿನ್ಸನ್ ಕುಡಿತಕ್ಕೆ ಬಿದ್ದಿದ್ದ. ತನ್ನನ್ನು ದಾರಿಗೆ ತಂದದ್ದು ಟುಯಿಗಮಾಲಾನ ನಡವಳಿಕೆ ಮತ್ತು ಕ್ರೈಸ್ತ ಶ್ರದ್ಧೆ ಎಂದು ರಾಬಿನ್ಸನ್ ತಾನೇ ಹೇಳಿಕೊಂಡಿದ್ದಾನೆ. ತರಬೇತಿ ಶಿಬಿರದಲ್ಲಿ ಯಾರ ಪಕ್ಕದ ಹಾಸಿಗೆ ಯಾರಿಗೆ ಸಿಗುತ್ತದೆ ಎಂಬುದನ್ನು ನಾವು ಮಾಸ್ತರರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

1996ರಲ್ಲಿ ಇಂಗ್ಲೆಂಡಿನ ಲೀಗ್ ತನ್ನ ಋತುವನ್ನು ಚಳಿಗಾಲದಿಂದ ಬೇಸಿಗೆಗೆ ಬದಲಿಸಿಕೊಂಡಿತು. ಯೂನಿಯನ್ ಚಳಿಗಾಲದ ಆಟವಾಗಿಯೇ ಉಳಿಯಿತು. ಅಂದರೆ ಲೀಗ್ ಆಟಗಾರನಿಗೆ ಚಳಿಗಾಲ ಖಾಲಿ, ನಿಷೇಧವೂ ಇಲ್ಲ. ರಾಬಿನ್ಸನ್ ಆ ಚಳಿಗಾಲದಲ್ಲಿ ಬಾತ್ ಎಂಬ ಯೂನಿಯನ್ ಕ್ಲಬ್ಬಿಗೆ ಆಡಿ ರುಚಿ ನೋಡಿದ. ಅದೇ ವರ್ಷ ವಿಗನ್ ಮತ್ತು ಬಾತ್ ನಡುವೆ ಎರಡು ಪಂದ್ಯಗಳೂ ನಡೆದಿದ್ದವು. ಲೀಗ್ ನಿಯಮದಲ್ಲಿ ವಿಗನ್ 82–6ರಿಂದ ಗೆದ್ದಿತು, ಯೂನಿಯನ್ ನಿಯಮದಲ್ಲಿ ಬಾತ್ 44–19ರಿಂದ. ಎರಡೂ ಒಂದೇ ಆಟ ಎಂದು ಸಲೀಸಾಗಿ ಹೇಳುವವರು ಈ ಅಂಕಗಳನ್ನು ಒಮ್ಮೆ ನೋಡಬೇಕು.

2000ದ ಕೊನೆಯಲ್ಲಿ ಅವನು ಪೂರ್ಣವಾಗಿ ಯೂನಿಯನ್‌ಗೆ, ಸೇಲ್ ಕ್ಲಬ್ಬಿಗೆ ಬಂದ. 2001ರ ಫೆಬ್ರುವರಿಯಲ್ಲಿ ಇಟಲಿಯ ಎದುರು ಬದಲಿ ಆಟಗಾರನಾಗಿ ಇಂಗ್ಲೆಂಡ್ ಪರ ಮೊದಲ ಪಂದ್ಯ. ಆ ಬೇಸಿಗೆಯಲ್ಲೇ, ಬ್ರಿಟನ್ ಮತ್ತು ಐರ್ಲೆಂಡಿನ ಆಯ್ದ ಆಟಗಾರರ 'ಲಯನ್ಸ್' ತಂಡದ ಜೊತೆ ಆಸ್ಟ್ರೇಲಿಯಾಕ್ಕೆ ಹೋದ. ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್ ಶುರುವಾಗಿ ಮೂರು ನಿಮಿಷವೂ ಕಳೆದಿರಲಿಲ್ಲ, ಎಡ ಅಂಚಿನಲ್ಲಿ ಚೆಂಡು ಸಿಕ್ಕಿತು. ಎದುರಿಗೆ ಆಸ್ಟ್ರೇಲಿಯಾದ ಕ್ರಿಸ್ ಲೇಥಮ್, ಹೊರಗೆರೆಗೂ ಅವನಿಗೂ ನಡುವೆ ಒಬ್ಬನು ನುಸುಳುವಷ್ಟು ಜಾಗ. ರಾಬಿನ್ಸನ್ ಒಳಕ್ಕೆ ಬಂದಂತೆ ಮಾಡಿ, ಆ ಕಿರಿದಾದ ಹೊರಜಾಗದಿಂದಲೇ ಓಡಿ ಟ್ರೈ ಹೊಡೆದ. ಪೂರ್ಣವಾಗಿ ಯೂನಿಯನ್‌ಗೆ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಲಯನ್ಸ್ ಆ ಟೆಸ್ಟ್ ಅನ್ನು 29–13ರಿಂದ ಗೆದ್ದು, ಸರಣಿಯನ್ನು 2–1ರಿಂದ ಕಳೆದುಕೊಂಡಿತು.

ಇನ್ನು 2003ರ ನವೆಂಬರ್ 22, ಸಿಡ್ನಿ, ವಿಶ್ವಕಪ್ ಫೈನಲ್. ಮಳೆಗೆ ನೆನೆದ ಮೈದಾನ. ಆಸ್ಟ್ರೇಲಿಯಾದ ಮೂವರು ಹಿಂಬದಿ ಓಟಗಾರರಾದ ವೆಂಡೆಲ್ ಸೇಲರ್, ಲೋಟೆ ಟುಕಿರಿ, ಮ್ಯಾಟ್ ರಾಜರ್ಸ್ ಮೂವರೂ ಲೀಗ್‌ನಿಂದ ಬಂದವರೇ. ಪಂದ್ಯದ ಆರಂಭದಲ್ಲೇ ಅವರ ಜೊತೆಗಾರ ಸ್ಟೀಫನ್ ಲಾರ್ಕಮ್ ಮೈದಾನದ ಅಡ್ಡಕ್ಕೆ ಎತ್ತರದ ಕಿಕ್ ಕಳಿಸಿದ. ಕೆಳಗೆ ಕಾಯುತ್ತಿದ್ದವನು ರಾಬಿನ್ಸನ್, ಅವನ ಮೇಲೆ ಜಿಗಿದವನು ಅವನಿಗಿಂತ ಬಹಳ ಎತ್ತರದ ಟುಕಿರಿ. ಚೆಂಡು ಟುಕಿರಿಯ ಕೈಸೇರಿ ಆಸ್ಟ್ರೇಲಿಯಾಕ್ಕೆ ಟ್ರೈ. ಅದು ಯೋಚಿಸಿ ಮಾಡಿದ ಗುರಿ, ಗಿಡ್ಡನ ತಲೆಯ ಮೇಲೆ ಚೆಂಡು ಹಾಕು ಎಂಬ ಲೆಕ್ಕ. ಮೊದಲರ್ಧ ಮುಗಿಯುವ ಹೊತ್ತಿಗೆ ಗಿಡ್ಡ ಬಡ್ಡಿ ಸಮೇತ ತೀರಿಸಿದ. ಲಾರೆನ್ಸ್ ಡಲಾಲಿಯೊ ನಡುವಿನಿಂದ ನುಗ್ಗಿ ಜಾನಿ ವಿಲ್ಕಿನ್ಸನ್‌ಗೆ ಕೊಟ್ಟ, ವಿಲ್ಕಿನ್ಸನ್ ಎಡಕ್ಕೆ ರಾಬಿನ್ಸನ್‌ಗೆ ಕೊಟ್ಟ. ಒದ್ದೆ ಹುಲ್ಲಿನ ಮೇಲೆ ಜಾರಿಕೊಂಡು ಹೋಗಿ ಮೂಲೆಯಲ್ಲಿ ಚೆಂಡು ಒತ್ತಿದ. ಎದ್ದವನೇ ಮುಷ್ಟಿಯಿಂದ ಚೆಂಡನ್ನು ಗುದ್ದಿ ಕೂಗಿದ. ಹೆಚ್ಚುವರಿ ಸಮಯದ ಕೊನೆಯ ಕ್ಷಣಗಳಲ್ಲಿ ವಿಲ್ಕಿನ್ಸನ್ ಬಲಗಾಲಿನಿಂದ ಹೊಡೆದ ಡ್ರಾಪ್ ಗೋಲಿನಿಂದ (ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದೊಡನೆ ಗೋಲುಕಂಬಗಳ ನಡುವೆ ಒದೆಯುವುದು) ಇಂಗ್ಲೆಂಡ್ 20–17ರಲ್ಲಿ ಗೆದ್ದಿತು. ಎಲ್ಲರ ನೆನಪಿನಲ್ಲಿ ಉಳಿದದ್ದು ಆ ಗೋಲು. ನಾನು ಎತ್ತಿ ತೋರಿಸುವುದು ಬೇರೆಯದನ್ನು. ಆ ಫೈನಲ್‌ನಲ್ಲಿ ಬಂದದ್ದು ಎರಡೇ ಟ್ರೈ, ಎರಡೂ ಲೀಗ್‌ನವರದು. ಇಂಗ್ಲೆಂಡಿನ ರಕ್ಷಣೆಯನ್ನು ಕಟ್ಟಿದ ತರಬೇತುದಾರ ಫಿಲ್ ಲಾರ್ಡರ್ ಕೂಡ ಲೀಗ್‌ನವನು. ನೂರು ವರ್ಷ ಹೊರಗಿಟ್ಟವರನ್ನು ಒಳಗೆ ಬಿಟ್ಟುಕೊಂಡು ಎಂಟೇ ವರ್ಷಕ್ಕೆ ಇಂಗ್ಲೆಂಡ್ ವಿಶ್ವಕಪ್ ಎತ್ತಿತು.

ಆಮೇಲಿನದು ಚಿಕ್ಕದಾಗಿ. 2004ರಲ್ಲಿ ಇಂಗ್ಲೆಂಡ್ ನಾಯಕನಾದ. 2006ರಲ್ಲಿ ಅವನ ನಾಯಕತ್ವದ ಸೇಲ್ ಇಂಗ್ಲಿಷ್ ಪ್ರೀಮಿಯರ್‌ಶಿಪ್ ಗೆದ್ದಿತು. ಅಂತರರಾಷ್ಟ್ರೀಯ ಆಟ ಬಿಟ್ಟಿದ್ದವನು ಮರಳಿ ಬಂದು 2007ರ ವಿಶ್ವಕಪ್ ಫೈನಲ್ ಕೂಡ ಆಡಿದ. ದಕ್ಷಿಣ ಆಫ್ರಿಕಾದ ಎದುರು 6–15ರ ಸೋಲು, ಭುಜಕ್ಕೆ ಪೆಟ್ಟಾಗಿ ನಡುವೆಯೇ ಹೊರಗೆ. ಇಂಗ್ಲೆಂಡ್ ಪರ ಅದೇ ಅವನ ಕೊನೆಯ ಪಂದ್ಯ, 51ನೆಯದು.

ಪ್ರಶ್ನೆ: ರಾಬಿನ್ಸನ್‌ಗಿಂತ ಸನ್ನಿ ಬಿಲ್ ವಿಲಿಯಮ್ಸ್ ದೊಡ್ಡವನು. ನೀವು ಹಳೆಯ ಕಾಲದವರು, ಒಪ್ಪುವುದಿಲ್ಲ ಎಂದು ಗೊತ್ತು.
*ಎಂಜಿನಿಯರಿಂಗ್ ವಿದ್ಯಾರ್ಥಿ, ರಾಯಚೂರು*

ಪದಕಗಳನ್ನು ಎಣಿಸುವುದಾದರೆ ಒಪ್ಪುತ್ತೇನೆ, ಹಳೆಯ ಕಾಲದವನಾಗಿಯೂ. ಸಿಡ್ನಿಯ ಬುಲ್‌ಡಾಗ್ಸ್ ಪರ 2004ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೇ, ಆಸ್ಟ್ರೇಲಿಯಾದ ಲೀಗ್ ಗೆದ್ದ. 2008ರಲ್ಲಿ ಗುತ್ತಿಗೆ ಮುಗಿಯುವ ಮೊದಲೇ ಹೇಳದೆ ಕೇಳದೆ ಫ್ರಾನ್ಸಿನ ಟೂಲೋನ್ ಕ್ಲಬ್ಬಿಗೆ ಹೋಗಿ ಯೂನಿಯನ್ ಆಡಿದ. 2011 ಮತ್ತು 2015ರಲ್ಲಿ ನ್ಯೂಜಿಲೆಂಡ್ ಜೊತೆ ಎರಡು ವಿಶ್ವಕಪ್. ನಡುವೆ 2013ರಲ್ಲಿ ಲೀಗ್‌ಗೆ ಮರಳಿ ಸಿಡ್ನಿ ರೂಸ್ಟರ್ಸ್ ಜೊತೆ ಇನ್ನೊಂದು ಪ್ರಶಸ್ತಿ. ಅದರ ಮೇಲೆ ಹೆವಿವೇಟ್ ಬಾಕ್ಸಿಂಗ್. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಏಳು ಜನರ ರಗ್ಬಿಗೂ ಇಳಿದ, ಮೊದಲ ಪಂದ್ಯದಲ್ಲೇ ಹಿಮ್ಮಡಿಯ ನರ ಹರಿದುಕೊಂಡ.

ಅವನ ಕೈಚಳಕ 'ಆಫ್‌ಲೋಡ್'. ಇಬ್ಬರು ತಬ್ಬಿ ಕೆಡವುತ್ತಿದ್ದರೂ, ಒಂದೇ ಕೈಯಿಂದ ಚೆಂಡನ್ನು ಬೆನ್ನ ಹಿಂದಿನಿಂದ ಜೊತೆಗಾರನಿಗೆ ದಾಟಿಸುವುದು. ಲೀಗ್‌ನಲ್ಲಿ ಬೆಳೆಸಿಕೊಂಡ ಈ ವಿದ್ಯೆಯನ್ನು ಯೂನಿಯನ್‌ನವರು ಬಾಯಿಬಿಟ್ಟು ನೋಡಿದರು. 2015ರ ಫೈನಲ್‌ನಲ್ಲಿ ವಿರಾಮದ ನಂತರ ಒಳಗೆ ಬಂದ ಸ್ವಲ್ಪ ಹೊತ್ತಿನಲ್ಲೇ ಅವನ ಆಫ್‌ಲೋಡ್‌ನಿಂದ ಮಾ ನೋನು ಟ್ರೈ ಹೊಡೆದ. ಪಂದ್ಯ ಮುಗಿದ ಮೇಲೆ ಮೈದಾನಕ್ಕೆ ಓಡಿಬಂದ ಹುಡುಗನೊಬ್ಬನನ್ನು ಕಾವಲುಗಾರ ಕೆಡವಿದಾಗ, ಆ ಹುಡುಗನನ್ನು ಎಬ್ಬಿಸಿ ತನ್ನ ಕೊರಳಿನ ಪದಕವನ್ನೇ ಅವನಿಗೆ ಹಾಕಿದ.

ಆದರೂ ನನ್ನ ಓಟು ರಾಬಿನ್ಸನ್‌ಗೇ. ಗುತ್ತಿಗೆಯ ನಡುವೆ ಜೊತೆಗಾರರನ್ನು ಬಿಟ್ಟು ಹೋದವನ ಮೇಲೆ ಮಾಸ್ತರನಿಗೆ ಪೂರ್ತಿ ಮನಸ್ಸು ಬರುವುದಿಲ್ಲ. ನೀವು ಬಯ್ದು ಬರೆದರೆ ಅದನ್ನೂ ಅಚ್ಚು ಹಾಕುತ್ತೇವೆ.

ಪ್ರಶ್ನೆ: ಮಗ ಜಿಲ್ಲಾ ಮಟ್ಟದಲ್ಲಿ ಕಬಡ್ಡಿ ಆಡುತ್ತಾನೆ. ಈಗ ರಗ್ಬಿ ಆಡುತ್ತೇನೆಂದು ಹಟ ಹಿಡಿದಿದ್ದಾನೆ. ಒಂದು ಆಟದಿಂದ ಇನ್ನೊಂದಕ್ಕೆ ಹೋದರೆ ಎರಡೂ ಕೆಡುವುದಿಲ್ಲವೇ? ಪೆಟ್ಟಿನ ಭಯವೂ ಇದೆ.
*ಒಬ್ಬ ತಾಯಿ, ಗಂಗಾವತಿ*

ತಾಯಿ, ಎರಡೂ ಕೆಟ್ಟವರಿದ್ದಾರೆ, ಎರಡೂ ಗೆದ್ದವರಿದ್ದಾರೆ. ಹೆಚ್ಚಾಗಿ ಅದು ನಿಲ್ಲಿಸುವ ಜಾಗದ ಮೇಲೆ ಹೋಗುತ್ತದೆ. ಸ್ಯಾಮ್ ಬರ್ಜೆಸ್ ಲೀಗ್‌ನ ಮಹಾಬಲಶಾಲಿ ಮುಂಬದಿ ಆಟಗಾರ. 2014ರಲ್ಲಿ ಕೆನ್ನೆಯ ಮೂಳೆ ಮುರಿದುಕೊಂಡೂ ಫೈನಲ್ ಆಡಿ ಸೌತ್ ಸಿಡ್ನಿಯನ್ನು ಗೆಲ್ಲಿಸಿದವನು. ಯೂನಿಯನ್‌ಗೆ ಬಂದಾಗ ಅವನ ಕ್ಲಬ್ ಬಾತ್ ಅವನನ್ನು ಮುಂಬದಿಯಲ್ಲಿ ಆಡಿಸುತ್ತಿತ್ತು, ದೇಶದ ತಂಡ ನಡುವಿನ ಓಟಗಾರನ ಜಾಗದಲ್ಲಿ ನಿಲ್ಲಿಸಿತು. 2015ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಗುಂಪಿನ ಹಂತದಲ್ಲೇ ಹೊರಬಿತ್ತು, ಅವನು ಆ ವರ್ಷವೇ ಲೀಗ್‌ಗೆ ಮರಳಿದ. ರಾಬಿನ್ಸನ್‌ಗೆ ಬಲಿತ ವಿದ್ಯೆ ಓಟ, ಅವನನ್ನು ಓಡುವ ಜಾಗದಲ್ಲೇ ಬಿಟ್ಟರು. ನಿಮ್ಮ ಮಗ ರೈಡರ್ ಆದರೆ ಅಂಚಿನಲ್ಲಿ ಓಡಲಿ, ಹಿಡಿಯುವವನಾದರೆ ನಡುವೆ ನಿಲ್ಲಲಿ.

ಪೆಟ್ಟಿನ ಭಯ ಸುಳ್ಳಲ್ಲ. 2003ರ ಫೈನಲ್ ಗೆದ್ದ ತಂಡದಲ್ಲೇ ಇದ್ದ ಸ್ಟೀವ್ ಥಾಂಪ್ಸನ್‌ಗೆ ಚಿಕ್ಕ ವಯಸ್ಸಿನಲ್ಲೇ ಮರೆವಿನ ಕಾಯಿಲೆ ಬಂದಿದೆ. ಆ ಫೈನಲ್ ಗೆದ್ದದ್ದೇ ತನಗೆ ನೆನಪಿಲ್ಲ ಎಂದು 2020ರಲ್ಲಿ ಬಹಿರಂಗವಾಗಿ ಹೇಳಿದ. ತಲೆಗೆ ಮತ್ತೆಮತ್ತೆ ಬಿದ್ದ ಏಟುಗಳ ಬಗ್ಗೆ ಇಂಥ ಆಟಗಾರರು ಮೊಕದ್ದಮೆಯನ್ನೂ ಹೂಡಿದ್ದಾರೆ. ಹಾಗಾಗಿ ಮೂರು ಮಾತು. ಮೊದಲ ವರ್ಷ ಮುಟ್ಟಿ ಬಿಡುವ ರಗ್ಬಿಯನ್ನೇ ಆಡಲಿ, ಕೆಡವುವುದು ಬೇಡ. ಕೆಡವುವುದನ್ನು ಕಲಿಯುವಾಗ ಎದುರಾಳಿಯ ದೇಹದ ಎದುರಿಗೆ ತಲೆ ಹೋಗಬಾರದು, ಪಕ್ಕಕ್ಕೆ ಇರಬೇಕು, ತಾಗಬೇಕಾದದ್ದು ಭುಜ. ಕಬಡ್ಡಿ ಹುಡುಗರಿಗೆ ಕಣಕಾಲಿಗೆ ಮುಖ ಕೊಟ್ಟು ಬೀಳುವ ಅಭ್ಯಾಸವಿರುತ್ತದೆ, ಅದನ್ನು ಮೊದಲು ಬಿಡಿಸಬೇಕು. ತಲೆಗೆ ಪೆಟ್ಟು ಬಿದ್ದ ದಿನ ಆಟ ಅಲ್ಲಿಗೇ ಮುಗಿಯಿತು, ಯಾವ ಕೋಚ್ ಏನೇ ಹೇಳಲಿ. ವೈದ್ಯರು ಒಪ್ಪುವವರೆಗೆ ಮೈದಾನಕ್ಕೆ ಕಳಿಸಬೇಡಿ.

ಅವಕಾಶದ ಮಾತು: ನಮ್ಮ ದೇಶದಲ್ಲಿ ನಡೆಯುವುದು ಹೆಚ್ಚಾಗಿ ಯೂನಿಯನ್, ಅದರಲ್ಲೂ ಏಳು ಜನರದ್ದು. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು, ಆರು ತಂಡಗಳಲ್ಲಿ ಬೆಂಗಳೂರಿನ ಹೆಸರಿನದೂ ಒಂದು. ಏಳು ಜನರ ಆಟದಲ್ಲಿ ಮೈದಾನ ಪೂರ್ಣ ಅಳತೆಯದೇ, ಆದ್ದರಿಂದ ಓಡುವವನಿಗೆ ಬೆಲೆ. ಕಬಡ್ಡಿ ಬಿಡುವ ಅಗತ್ಯವಿಲ್ಲ. ಎರಡನ್ನೂ ಆಡಲಿ, ಹದಿನೆಂಟು ತುಂಬಿದ ಮೇಲೆ ಅವನೇ ಆರಿಸಿಕೊಳ್ಳುತ್ತಾನೆ. ನಮ್ಮ ಕಡೆಯ ಎರೆನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಣಕಾಲು ತಿರುಚುತ್ತದೆ. ಓಟದ ಅಭ್ಯಾಸ ಕೆಂಪು ಮಣ್ಣಿನ ಅಥವಾ ಮರಳು ಹಾಕಿದ ಮೈದಾನದಲ್ಲೇ ಇರಲಿ, ಏಪ್ರಿಲ್–ಮೇನಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಯಲಿ.

ಪ್ರಶ್ನೆ: ರಗ್ಬಿಗೂ ಭಾರತಕ್ಕೂ ಹಳೆಯ ಸಂಬಂಧ ಏನಾದರೂ ಇದೆಯೇ? ರಸಪ್ರಶ್ನೆಗೆ ಬೇಕು.
*ಪ್ರಾಥಮಿಕ ಶಾಲೆಯ ಶಿಕ್ಷಕಿ, ಸಿರುಗುಪ್ಪ*

ಇದೆ. ಕಲ್ಕತ್ತಾದಲ್ಲಿ ಬ್ರಿಟಿಷರ ರಗ್ಬಿ ಕ್ಲಬ್ ಒಂದಿತ್ತು. ಅದು ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಾಗಿ ತೆಗೆದು, ಕರಗಿಸಿ, ಕಪ್ ಮಾಡಿಸಿ 1878ರಲ್ಲಿ ಇಂಗ್ಲೆಂಡಿನ ರಗ್ಬಿ ಒಕ್ಕೂಟಕ್ಕೆ ಕೊಟ್ಟರು. ಹಿಡಿಕೆಗಳು ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಈ 'ಕಲ್ಕತ್ತಾ ಕಪ್'ಗಾಗಿ ಸೆಣಸುತ್ತಿವೆ. 1988ರಲ್ಲಿ ಎರಡೂ ತಂಡಗಳ ಒಬ್ಬೊಬ್ಬ ಆಟಗಾರರು ಅದನ್ನು ಎಡಿನ್‌ಬರೋದ ಬೀದಿಗೆ ಒಯ್ದು ಚೆಂಡಿನಂತೆ ಒದ್ದು ನೆಗ್ಗಿಸಿದರು, ಆಮೇಲೆ ರಿಪೇರಿ ಮಾಡಿಸಬೇಕಾಯಿತು. ಮಕ್ಕಳಿಗೆ ಈ ಕೊನೆಯ ಸಂಗತಿಯನ್ನು ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು.